ಕಣ್ಣು ತೋರಿಸಿದವರಿಗೇ ಶೀಲ್ಡು

ಸೈಟಿನಲ್ಲಿ ಎಲ್ಲರೂ ಅವಳನ್ನು ಸ್ಟೋರಮ್ಮ ಎನ್ನುತ್ತಿದ್ದರು. ಗಂಡ ಇದ್ದಾಗ ಆ ಹೆಸರು ಇರಲಿಲ್ಲ. ಆಗ ಅವಳು ಹೊಲಿಗೆ ಮೇಸ್ತ್ರಿಯ ಹೆಂಡತಿ, ಅಷ್ಟೆ. ಅವನು ಬಟ್ಟೆಗೆ ಕೈ ಹಚ್ಚಿದವನಲ್ಲ, ಕಬ್ಬಿಣ ಬೆಸೆಯುವವನು. ಅವನು ಎಳೆದ ವೆಲ್ಡಿಂಗು ಹೊಲಿಗೆ ಹಾಕಿದ ಹಾಗೆ ಒಂದರ ಪಕ್ಕ ಒಂದು, ಒಂದೇ ಅಳತೆಗೆ ಬೀಳುತ್ತಿತ್ತು. ಕುರುಡರೂ ಬೆರಳಿಟ್ಟು ಸವರಿ ಇದು ಮೇಸ್ತ್ರಿಯದು ಎನ್ನಬಹುದಿತ್ತು. ಅದಕ್ಕೇ ಆ ಹೆಸರು.

ಅವನು ಹೋಗಿ ಒಂದು ವರ್ಷ ಎರಡು ತಿಂಗಳಾಗಿತ್ತು. ಮೂರನೇ ಅಂತಸ್ತಿನ ಸಾರುವೆಯಿಂದ ಬಿದ್ದ. ಹಲಗೆ ಇದೆ ಎಂದು ಕಾಲಿಟ್ಟ ಕಡೆ ಹಲಗೆ ಇರಲಿಲ್ಲ. ಜನಕ್ಕೆ ಗೊತ್ತಿದ್ದದ್ದು ಇಷ್ಟು. ಅವಳಿಗೆ ಒಂದು ಹಿಡಿ ಹೆಚ್ಚು ಗೊತ್ತಿತ್ತು.

ಆಮೇಲೆ ಕಂಪನಿಯವರು ಕರೆದು ಸ್ಟೋರಿನ ಕೆಲಸ ಕೊಟ್ಟರು. ತಗಡಿನ ಕೋಣೆ. ಒಂದು ಬಾಗಿಲು, ಒಂದು ಕಿಟಕಿ. ಗೋಡೆಯ ಉದ್ದಕ್ಕೂ ಮೊಳೆ, ಮೊಳೆಗೊಂದು ಮುಖದ ಶೀಲ್ಡು, ಶೀಲ್ಡಿಗೊಂದು ನಂಬರು. ಕೆಳಗಿನ ಹಲಗೆಯ ಮೇಲೆ ಬಿಳಿ ಕನ್ನಡಕಗಳು, ಕಪ್ಪು ಗಾಜಿನ ಪೆಟ್ಟಿಗೆ, ತೊಗಲಿನ ಕೈಗವಸುಗಳು. ಬೆಳಿಗ್ಗೆ ವೆಲ್ಡರು ತನ್ನ ಟೋಕನ್ನು ಕೊಟ್ಟು ತನ್ನ ನಂಬರಿನ ಶೀಲ್ಡು ಒಯ್ಯಬೇಕು. ಸಂಜೆ ತಂದು ಕೊಡಬೇಕು. ಒಬ್ಬನದು ಇನ್ನೊಬ್ಬನಿಗಿಲ್ಲ.

ಸೇಫ್ಟಿಯವನು ಗೋಡೆಗೆ ಒಂದು ಬೋರ್ಡು ಹೊಡೆದಿದ್ದ. ಅವಳು ಓದಿದ್ದು ನಾಲ್ಕನೇ ಕ್ಲಾಸು. ಆರು ಸಾಲು ಓದಲು ಒಂದು ವಾರ ಹಿಡಿಯಿತು. ಬೆಸೆಯುವವನಿಗೆ ತಲೆಗೆ ಹಾಕುವ ಶೀಲ್ಡು. ಅದರ ಒಳಗೆ ಬಿಳಿ ಕನ್ನಡಕ ಬೇರೆ, ಯಾಕೆಂದರೆ ಶೀಲ್ಡು ಎತ್ತಿ ಬೆಸುಗೆಯ ಮೇಲೆ ಕಟ್ಟಿದ ಕಿಟ್ಟ ಕುಟ್ಟುವಾಗಲೇ ಚೂರು ಹಾರಿ ಕಣ್ಣಿಗೆ ಬೀಳುವುದು. ಗಾಜು ಬಿರುಕು ಬಿಟ್ಟಿದ್ದರೆ ಕೆಲಸವಿಲ್ಲ. ಅಕ್ಕಪಕ್ಕದವರಿಗೆ ಪರದೆ ಕಟ್ಟಬೇಕು. ಒಂದೇ ಒಂದು ಟ್ಯಾಕ್ ಆದರೂ ಶೀಲ್ಡಿಲ್ಲದೆ ಕೂಡದು. ಕಣ್ಣು ಕೆಂಪಾದವನು ಮೇಲೆ ಹತ್ತುವ ಹಾಗಿಲ್ಲ.

ಕೊನೆಯ ಸಾಲಿನ ಮೇಲೆ ಅವಳ ಬೆರಳು ಬಹಳ ಹೊತ್ತು ನಿಂತಿತ್ತು.

ಆವತ್ತಿನಿಂದ ಅವಳು ಶೀಲ್ಡು ಕೊಡುವ ಮೊದಲು ಒಬ್ಬೊಬ್ಬರದೂ ಕಣ್ಣು ನೋಡುತ್ತಿದ್ದಳು. ಬೆಳಿಗ್ಗೆ ಕಿಟಕಿಯ ಮುಂದೆ ಸಾಲು.

"ಕಣ್ಣು ತೋರ್ಸು."

"ಸ್ಟೋರಮ್ಮ, ನನ್ ಹೆಂಡ್ತಿನೂ ಹಿಂಗೆ ಕಣ್ಣಲ್ಲಿ ಕಣ್ಣಿಟ್ಟು ನೋಡಿಲ್ಲ."

"ನೋಡೋ ಅಂಥ ಮುಖಾನ ಅದು? ಕನ್ನಡಕ ಎಲ್ಲಿ?"

"ಮರ್ತೆ."

"ಊಟದ ಡಬ್ಬಿ ಮರೀಲಿಲ್ವಲ್ಲ. ಹೋಗಿ ತಗೊಂಬಾ. ಮುಂದೆ ಯಾರು?"

ಗ್ರೈಂಡಿಂಗಿನವನೊಬ್ಬ, "ನಂದು ಹುಟ್ಟಿದಾಗ್ಲಿಂದ ಕೆಂಪುಗಣ್ಣು" ಎಂದ.

"ನೀನು ಹುಟ್ಟಿದ್ದು ನಾನು ನೋಡಿಲ್ಲ. ನಿನ್ನೆ ನೋಡಿದೀನಿ. ಬೆಳ್ಳಗಿತ್ತು."

ಸಾಲು ನಗುತ್ತಿತ್ತು. ಅವಳು ನಗುತ್ತಿರಲಿಲ್ಲ. ಆದರೂ ಯಾರಿಗೂ ಅವಳ ಮೇಲೆ ಸಿಟ್ಟಿರಲಿಲ್ಲ. ಹೊಲಿಗೆ ಮೇಸ್ತ್ರಿಯ ಹೆಂಡತಿ, ಹೊಟ್ಟೆಯ ಸಂಕಟ, ನೋಡಲಿ ಬಿಡು ಎನ್ನುತ್ತಿದ್ದರು.

ಆ ಸಂಕಟದ ಒಳಗಿನ ಮುಳ್ಳು ಅವರು ಕಂಡಿರಲಿಲ್ಲ.

ಎರಡು ಕಬ್ಬಿಣ ಬೆಸೆಯುವ ಮೊದಲು ಅಲ್ಲೊಂದು ಇಲ್ಲೊಂದು ಚುಕ್ಕೆ ಮುಟ್ಟಿಸುತ್ತಾರೆ, ದರ್ಜಿ ಕಚ್ಚಾ ಹೊಲಿಗೆ ಹಾಕಿದ ಹಾಗೆ. ಅದೇ ಟ್ಯಾಕ್. ಒಂದು ಕೈ ತುಂಡನ್ನು ಹಿಡಿಯಬೇಕು, ಇನ್ನೊಂದು ಕೈ ಕರಗುವ ಬೆಸುಗೆ ರಾಡು ಹಿಡಿಯಬೇಕು. ಕೈಯಲ್ಲಿ ಹಿಡಿಯುವ ಶೀಲ್ಡಿಗೆ ಮೂರನೇ ಕೈ ಎಲ್ಲಿಂದ ತರುವುದು? ತಲೆಗೆ ಹಾಕುವುದಿದೆ, ಆದರೆ ಸೆಕೆ, ಭಾರ. ಒಂದು ಚುಕ್ಕೆಗೆ ಯಾರು ಹಾಕುತ್ತಾರೆ? ಕಣ್ಣು ಮುಚ್ಚುತ್ತಾರೆ, ಚಿಟ್ ಎನಿಸುತ್ತಾರೆ, ತೆರೆಯುತ್ತಾರೆ. ಕೈ ಪಳಗಿದವರೇ ಹೀಗೆ ಮಾಡುವುದು. ಹೊಸಬರಿಗೆ ಧೈರ್ಯ ಬರುವುದಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ರೆಪ್ಪೆ ಎಂದರೆ ತೆಳು ಚರ್ಮ. ಆ ಬೆಳಕು ಅದನ್ನು ತೂರಿ ಒಳಗೆ ಹೋಗುತ್ತದೆ.

ಸಂಜೆಗೆ ಏನೂ ಇರುವುದಿಲ್ಲ. ಅದೇ ಮೋಸ. ಅವಳ ಗಂಡ ನಗುತ್ತ ಬರುತ್ತಿದ್ದ, ಉಣ್ಣುತ್ತಿದ್ದ. ಮಲಗಿದ ಮೇಲೆ ಕಣ್ಣಿಗೆ ಮರಳು ಹೊಯ್ದ ಹಾಗೆ ಆಗುತ್ತಿತ್ತು. ಅವಳು ಆಲೂಗಡ್ಡೆ ಹೆಚ್ಚಿ ರೆಪ್ಪೆಯ ಮೇಲೆ ಇಡುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ಎಷ್ಟು ಸಲವೋ. ನೆಗಡಿ ಬಂದ ಹಾಗೆ ಅದೂ ಮನೆಯ ಒಂದು ಕಾಯಿಲೆಯಾಗಿತ್ತು.

ಆ ದಿನ ಬೆಳಿಗ್ಗೆ ಅವನು ಗೋಡೆಗೆ ಒರಗಿ ಕೂತಿದ್ದ. "ಇವತ್ತು ಬೇಡ ಅನ್ಸುತ್ತೆ ಕಣೇ. ಎಲ್ಲ ಎರಡೆರಡು ಕಾಣುತ್ತೆ" ಎಂದ.

ಅವಳು ನೆಲ ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ. "ಕಣ್ಣಿಗೆ ಧೂಳು ಬಿದ್ದಿದ್ದಕ್ಕೆ ಗಂಡಸು ಮನೇಲಿ ಕೂತ್ರೆ ಬೀದಿ ನಗುತ್ತೆ. ಏಳ್ರೀ, ನೆಲ ಒದ್ದೆ ಇದೆ, ಆ ಕಡೆ ಕಾಲಿಡಿ."

ಅವನು ಎದ್ದ. ಆ ಕಡೆ ಕಾಲಿಟ್ಟ. ಹೋದ.

ಬಾಗಿಲಲ್ಲಿ ಅವನ ತಮ್ಮ ಬೂಟಿನ ದಾರ ಕಟ್ಟುತ್ತಿದ್ದ. ಕೇಳಿಸಿಕೊಂಡಿದ್ದ. ಅವತ್ತಿನಿಂದ ಇವತ್ತಿನವರೆಗೆ ಆ ಮಾತು ಅವನು ಎತ್ತಿರಲಿಲ್ಲ. ಅವಳೂ ಎತ್ತಿರಲಿಲ್ಲ. ಒಂದೇ ಮನೆ, ಒಂದೇ ಒಲೆ. ಅವನ ತಟ್ಟೆಗೆ ಅವಳು ಬಡಿಸುತ್ತಿದ್ದಳು. ಮಾತು ಇಬ್ಬರ ನಡುವೆ ಮುಚ್ಚಿದ ಪಾತ್ರೆಯ ಹಾಗೆ ಕೂತಿರುತ್ತಿತ್ತು.

ಊಟದ ಹೊತ್ತು ಕಳೆದ ಮೇಲೆ ಸ್ಟೋರಿನಲ್ಲಿ ಕೆಲಸ ಕಡಿಮೆ. ತಗಡು ಕಾದು ಟಿಕ್ ಟಿಕ್ ಎನ್ನುತ್ತಿತ್ತು. ಮೇಲೆಲ್ಲೋ ಬೆಸೆಯುವ ಬೆಳಕು ಎದುರಿನ ಗೋಡೆಯ ಮೇಲೆ ಗುಡುಗಿಲ್ಲದ ಮಿಂಚಿನ ಹಾಗೆ ಆಡುತ್ತಿತ್ತು. ಅವಳು ಗಾಜು ಒರೆಸುತ್ತ ಒರೆಸುತ್ತ ತೂಕಡಿಸುತ್ತಿದ್ದಳು. ಆಗ ಶೀಲ್ಡುಗಳು ಮೊಳೆಯಿಂದ ಇಳಿಯುತ್ತಿದ್ದವು. ಸಾಲಾಗಿ ಕಿಟಕಿಯ ಆಚೆ ನಿಲ್ಲುತ್ತಿದ್ದವು. ಒಳಗೆ ಮುಖಗಳಿಲ್ಲ, ಬರೀ ಗಾಳಿ. ಕೊನೆಯದರ ಒಳಗೆ ಮಾತ್ರ ಯಾರೋ ಉಸಿರಾಡುವುದು ಕೇಳುತ್ತಿತ್ತು. "ಎತ್ತು, ಕಣ್ಣು ತೋರ್ಸು" ಎನ್ನುತ್ತಿದ್ದಳು. ಒಳಗಿನವನು ನಗುತ್ತಿದ್ದ. ಎತ್ತುತ್ತಿರಲಿಲ್ಲ. ಆ ನಗು ಅವಳಿಗೆ ಗೊತ್ತಿದ್ದದ್ದೇ. ಎಚ್ಚರವಾದಾಗ ಕೈಯಲ್ಲಿ ಗಾಜು ಬೆಚ್ಚಗಿರುತ್ತಿತ್ತು. ಯಾವುದು ನಿಜ, ತಗಡಿನ ಕೋಣೆಯೋ ಆ ಸಾಲೋ ಎಂದು ಸ್ವಲ್ಪ ಹೊತ್ತು ತಿಳಿಯುತ್ತಿರಲಿಲ್ಲ. ತಿಳಿಯುವ ಆತುರವೂ ಅವಳಿಗಿರಲಿಲ್ಲ.

ಮೈದುನನಿಗೆ ಆ ವಾರ ದೊಡ್ಡ ಕೆಲಸ ಬಂದಿತ್ತು. ಕಟ್ಟಡದ ತುತ್ತತುದಿಯಲ್ಲಿ ಎರಡು ದೊಡ್ಡ ಕಂಬ ಕೂಡುವ ಜಾಗ. ಅದನ್ನು ಬೆಸೆದ ಮೇಲೆ ಡಾಕ್ಟರು ಎಲುಬಿನ ಫೋಟೋ ತೆಗೆಯುವ ಹಾಗೆ ಅದರ ಒಳಗಿನ ಫೋಟೋ ತೆಗೆಯುತ್ತಾರೆ. ಒಳಗೆ ಒಂದು ಗುಳ್ಳೆಯೂ ಇಲ್ಲದಿದ್ದರೆ ಅವನು ಮೊದಲ ದರ್ಜೆಯ ವೆಲ್ಡರ್. ಆರು ವರ್ಷದಿಂದ ಕಾಯುತ್ತಿದ್ದ. ಕಂಬ ಎತ್ತಿ ಹಿಡಿಯುವ ಕ್ರೇನು ಒಂದೇ ದಿನ ಬರುವುದು. ಮಂಗಳವಾರ. ಆ ದಿನ ತಪ್ಪಿದರೆ ಆ ಜೋಡಣೆ ಬೇರೆಯವನ ಕೈಗೆ.

"ಅಣ್ಣನ ಹೊಲಿಗೆ ಅಂದ್ರೆ ಏನು ಅಂತ ತೋರಿಸ್ತೀನಿ ಅತ್ತಿಗೆ" ಎನ್ನುತ್ತಿದ್ದ, ತುತ್ತು ಬಾಯಲ್ಲಿಟ್ಟುಕೊಂಡೇ.

"ಮೊದ್ಲು ನುಂಗು."

ಸೋಮವಾರ ಅವನಿಗೆ ಮೆಟ್ಟಿಲ ಕಂಬಿಗಳ ಟ್ಯಾಕ್ ಕೆಲಸ. ನೂರಾರು ಚುಕ್ಕೆ. ಶೀಲ್ಡು ಒಯ್ದಿದ್ದ. ಒಯ್ದದ್ದನ್ನು ಕಂಬಿಗೆ ನೇತು ಹಾಕಿದ್ದ.

ಮಂಗಳವಾರ ಬೆಳಿಗ್ಗೆ ಅವನು ಅವಳಿಗಿಂತ ಮೊದಲೇ ಮನೆ ಬಿಟ್ಟಿದ್ದ. ಅವಳು ಕಿಟಕಿ ತೆರೆದಾಗ ಸಾಲಿನಲ್ಲಿ ಐದನೆಯವನು. ತಂಪು ಕನ್ನಡಕ ಹಾಕಿಕೊಂಡು, ಸಿಳ್ಳೆ ಹೊಡೆಯುತ್ತ. ಹಿಂದಿನವನು, "ಏನಪ್ಪ ಹೀರೋ, ಕಂಬ ಬೆಸೆಯೋಕೋ, ಹೆಣ್ಣು ಹಾರಿಸ್ಕೊಂಡು ಹೋಗೋಕೋ?" ಎಂದ. ಸಾಲು ನಕ್ಕಿತು. ಅವನೂ ನಕ್ಕ.

ಕಿಟಕಿಗೆ ಬಂದ. ಟೋಕನ್ನು ಇಟ್ಟ.

"ಕನ್ನಡಕ ತೆಗಿ."

"ಅತ್ತಿಗೆ, ಎಲ್ಲಾರ ಮುಂದೆ ಬೇಡ."

"ತೆಗಿ."

ತೆಗೆದ. ಕಣ್ಣು ಎರಡೂ ಸುಲಿದ ಹಾಗಿದ್ದವು. ರೆಪ್ಪೆ ಊದಿತ್ತು. ಬೆಳಕಿಗೆ ನೀರು ದಳದಳ ಸುರಿಯಿತು.

ಅವನು ಕಿಟಕಿಯೊಳಗೆ ತಲೆ ಹಾಕಿ ಪಿಸುಗುಟ್ಟಿದ. "ಇವತ್ತೊಂದು ದಿನ. ಮೇಲೆ ಹೋಗಿ ಶೀಲ್ಡು ಇಳಿಸಿದ್ರೆ ಕತ್ಲೆ ತಾನೆ? ಕತ್ಲಲ್ಲಿ ಹಾಯಾಗಿರುತ್ತೆ. ಕೈಗೆ ಗೊತ್ತು ಕೆಲಸ. ಕೊಡಿ ಅತ್ತಿಗೆ, ಕಾಲಿಗೆ ಬೀಳ್ತೀನಿ."

"ಮೇಲೆ ಹತ್ತೋದು ಕೈಯಲ್ಲ. ಕಾಲು. ಕಾಲಿಗೆ ಕಣ್ಣು ಬೇಕು."

"ಅಣ್ಣ ಇದ್ದಿದ್ರೆ ಕೊಡ್ತಿದ್ದ."

"ಅಣ್ಣ ಇಲ್ಲ."

ಸೂಪರ್‌ವೈಸರ್ ಓಡಿ ಬಂದ. ಕ್ರೇನು ಆಗಲೇ ಗುರುಗುಡುತ್ತಿತ್ತು. "ಅಮ್ಮಾ, ಕೊಟ್ಟು ಕಳ್ಸಿ. ಅರ್ಧ ದಿನದ ಕೆಲಸ. ಸೇಫ್ಟಿಯವರಿಗೆ ನಾನು ಹೇಳ್ಕೋತೀನಿ. ಹುಡುಗನ್ನ ನಾನೇ ನೋಡ್ಕೋತೀನಿ."

"ನೋಡ್ಕೊಳ್ಳೋಕೆ ನೀವು ಕೆಳಗಿರ್ತೀರಿ ಸಾರ್. ಬೀಳೋನು ಮೇಲಿರ್ತಾನೆ."

"ಇಲ್ಲಿ ನೀವು ಯಾರು ಅಂತ ತಿಳ್ಕೊಂಡಿದೀರಿ? ನಾಳೆಯಿಂದ ಈ ಕಿಟಕೀಲಿ ಬೇರೆಯೋರು ಕೂತ್ಕೋಬಹುದು."

"ಕೂತ್ಕೊಳ್ಳಿ. ನಾಳೆ ತಾನೆ? ಇವತ್ತು ನಾನಿದೀನಿ."

ಅವಳು ಮೈದುನನ ಶೀಲ್ಡನ್ನು ಮೊಳೆಯಿಂದ ತೆಗೆದು ತನ್ನ ಕುರ್ಚಿಯ ಮೇಲೆ ಇಟ್ಟಳು. ಅದರ ಮುಂದೆ ನಿಂತಳು. ಸೂಪರ್‌ವೈಸರ್ ಅವಳ ಮುಖ ನೋಡಿದ, ಕ್ರೇನು ನೋಡಿದ, ಗಡಿಯಾರ ನೋಡಿದ. ಥೂ ಎಂದು, ಸಾಲಿನಲ್ಲಿದ್ದ ಕುಳ್ಳ ವೆಲ್ಡರಿಗೆ, "ನೀನು ಬಾ" ಎಂದು ಕೈ ಮಾಡಿದ.

ಆಗ ಮೈದುನ ಆ ಪಾತ್ರೆಯ ಮುಚ್ಚಳ ತೆಗೆದ. ಎಲ್ಲರಿಗೂ ಕೇಳುವ ಹಾಗೆ.

"ಅವತ್ತು ಅಣ್ಣನ್ನ ಎಬ್ಬಿಸಿ ಕಳಿಸ್ದೋಳು ನೀನೇ! ಬೇಡ ಅಂದ ಅವನು. ಬೀದಿ ನಗುತ್ತೆ ಅಂದೆ. ನಾನು ಕೇಳಿಸ್ಕೊಂಡಿದೀನಿ. ಈಗ ನನ್ನ ತಡೆದು ಅದನ್ನ ಸರಿ ಮಾಡ್ತೀಯಾ?"

ಯಾರೋ ಕೆಮ್ಮಿದರು.

"ಹೌದು" ಎಂದಳು. "ನಾನೇ ಕಳಿಸಿದ್ದು. ಸರಿಯಾಗಲ್ಲ ಅದು. ನೀನು ಪಕ್ಕಕ್ಕೆ ನಿಲ್ಲು. ಮುಂದೆ ಯಾರು? ಕಣ್ಣು ತೋರ್ಸು."

ಮುಂದಿನವನು ಟೊಪ್ಪಿ ತೆಗೆದು ಕಣ್ಣು ಅಗಲ ಮಾಡಿ ತೋರಿಸಿದ. ಅವಳಿಗೆ ಒಂದು ನಂಬರೂ ತಪ್ಪಲಿಲ್ಲ. ಉಳಿದ ಹದಿನೆಂಟು ಜನಕ್ಕೂ ಕೊಟ್ಟು ಮುಗಿಸಿದಳು.

ಸಾಲು ಕರಗಿದ ಮೇಲೆ ನೋಡಿದರೆ ಅವನು ಹೋಗಿರಲಿಲ್ಲ. ತಗಡಿನ ಗೋಡೆಗೆ ಒರಗಿ ಮೊಣಕಾಲಲ್ಲಿ ಮುಖ ಹುದುಗಿಸಿ ಕೂತಿದ್ದ. ಬಿಸಿಲು ಏರಿತ್ತು. ಕಣ್ಣು ಬಿಡಲಾಗದೆ ದಾರಿ ಹಿಡಿಯಲು ಸಾಧ್ಯವಿರಲಿಲ್ಲ. ಅವಳು ರಟ್ಟೆ ಹಿಡಿದು ಎಬ್ಬಿಸಿದಳು. ಕೊಡವಲಿಲ್ಲ ಅವನು. ಒಳಗೆ ಕರೆತಂದು ಗೋಣಿಯ ಮೇಲೆ ಮಲಗಿಸಿದಳು. ಕಿಟಕಿಗೆ ಪರದೆ ಇಳಿಬಿಟ್ಟಳು. ಸೇಫ್ಟಿಯವನು ಬಂದು ಕಣ್ಣಿಗೆ ಹನಿ ಹಾಕಿದ. "ಮಧ್ಯಾಹ್ನ ಗಾಡಿ ಕಳಿಸ್ತೀನಿ, ಕಣ್ಣಿನ ಡಾಕ್ಟರ ಹತ್ರ ಹೋಗ್ಲಿ. ಮೂರು ದಿನ ಬೆಳಕು ಬೇಡ" ಎಂದ. ಹನಿಯ ಬಾಟಲಿಯನ್ನು ಅವಳ ಕೈಗೆ ಕೊಟ್ಟು ಹೊರಟುಹೋದ.

ಕೋಣೆ ಕತ್ತಲಾಯಿತು. ಅವಳು ಒದ್ದೆ ಬಟ್ಟೆ ಹಿಂಡಿ ಅವನ ಕಣ್ಣಿನ ಮೇಲೆ ಹಾಕಿದಳು.

"ಶುರು ಮಾಡಿದ್ನಾ ಕುಳ್ಳ?" ಎಂದ ಅವನು ಬಟ್ಟೆಯ ಕೆಳಗಿಂದ.

"ನಂಗೇನು ಗೊತ್ತು?"

"ನೋಡಿ. ಬರಿಗಣ್ಣಲ್ಲಿ ಬೇಡ. ನನ್ನ ಶೀಲ್ಡು ಹಾಕ್ಕೊಂಡು ನೋಡಿ."

ಅವಳು ಕುರ್ಚಿಯ ಮೇಲಿನ ಶೀಲ್ಡನ್ನು ತಲೆಗೆ ಹಾಕಿಕೊಂಡು ಬಾಗಿಲಿಗೆ ಬಂದಳು. ಮುಖದ ಮೇಲೆ ಇಳಿಸಿದಳು.

ಎಲ್ಲ ಹೋಯಿತು. ಕಟ್ಟಡ, ಕ್ರೇನು, ಸೂರ್ಯ ಸುಡುತ್ತಿದ್ದ ಅಂಗಳ, ಅವಳ ಕೈಯೂ ಕಾಣಲಿಲ್ಲ. ಹಾಡಹಗಲಿನ ಹೊಟ್ಟೆಯಲ್ಲಿ ಒಂದು ಇರುಳು. ತನ್ನ ಉಸಿರು ತನಗೇ ಕೇಳುತ್ತಿತ್ತು. ಅವಳು ತಲೆ ಎತ್ತಿದಳು. ತುಂಬ ಮೇಲೆ, ಕುಳ್ಳನ ಸುತ್ತ ಕಟ್ಟಿದ ಪರದೆಯ ಸಂದಿನಲ್ಲಿ, ಒಂದು ಹಸಿರು ಚುಕ್ಕೆ ಹುಟ್ಟಿತು. ಕಾಳಿನಷ್ಟು. ನಡುಗುತ್ತಾ, ಮೆಲ್ಲಗೆ ತೆವಳುತ್ತಾ ಹೊರಟಿತು.

"ಹತ್ತಿದೆ" ಎಂದಳು.

"ಎಣಿಸಿ."

ಅವಳು ಗಟ್ಟಿಯಾಗಿ ಎಣಿಸಿದಳು. ಎಪ್ಪತ್ತೊಂದಕ್ಕೆ ಚುಕ್ಕೆ ಆರಿತು.

"ಸರಿ ಹೋಗ್ತಿದಾನೆ. ರಾಡು ಮುಗೀತು. ಈಗ ಕಿಟ್ಟ ಕುಟ್ತಾನೆ, ಇನ್ನೊಂದು ಸಿಗಿಸ್ತಾನೆ. ಅವಸರ ಇಲ್ಲ ಮಗನಿಗೆ. ಒಳ್ಳೇದು." ಅವನು ಬಟ್ಟೆಯನ್ನು ಕಣ್ಣಿಗೆ ಒತ್ತಿಕೊಂಡ. "ಹಸಿರು ಕಾಣ್ತಿದ್ಯಾ?"

"ಹೂಂ. ಇಷ್ಟು ಚೆಂದ ಇರುತ್ತಾ ಇದು?"

"ಅಣ್ಣ ಹೇಳಿರ್ಲಿಲ್ವಾ ಯಾವತ್ತೂ?"

"ಇಲ್ಲ. ನಾನೂ ಕೇಳ್ಲಿಲ್ಲ."

ಇಪ್ಪತ್ತು ವರ್ಷ ಅವನು ಈ ಇರುಳಿನಲ್ಲಿ ಇದ್ದ. ಅವಳು ಕೇಳುತ್ತಿದ್ದದ್ದು, ಡಬ್ಬಿ ತಂದಿರಾ, ಬಟ್ಟೆಗೆ ಕಿಡಿ ಬಿತ್ತಾ, ಇಷ್ಟು ಹೊತ್ತು ಯಾಕಾಯಿತು. ಒಳಗೆ ಏನು ಕಾಣುತ್ತದೆ ಎಂದು ಒಂದು ದಿನ ಕೇಳಿದ್ದರೆ ಹೇಳುತ್ತಿದ್ದ. ಹೇಳುವ ಸ್ವಭಾವ ಅವನದು. ಕೇಳಿದವರಿಗೆ.

ಚುಕ್ಕೆ ಮತ್ತೆ ಹುಟ್ಟಿತು. ಅವಳು ಒಂದರಿಂದ ಶುರು ಮಾಡಿದಳು. ಮೈದುನ ಗಾಳಿಯಲ್ಲಿ ಬಲಗೈ ಎತ್ತಿ, ರಾಡು ಹಿಡಿದ ಹಾಗೆ ಬೆರಳು ಮಡಿಸಿ, ಅವಳ ಎಣಿಕೆಗೆ ಸರಿಯಾಗಿ ಮೆಲ್ಲಗೆ ಎಳೆಯುತ್ತಿದ್ದ. ಅವಳು ಅದನ್ನು ಕಾಣಲಿಲ್ಲ. ಅವಳ ಕಣ್ಣು ಮೇಲಿತ್ತು.

ಐದನೇ ರಾಡಿನ ಹೊತ್ತಿಗೆ ಅವನ ಕೈ ಎದೆಯ ಮೇಲೆ ಬಿತ್ತು. ಉಸಿರು ಆಳವಾಯಿತು. ಅವಳು "ಆರಿತು" ಎಂದಳು. ಅವನು ನಿದ್ದೆ ಹೋಗಿದ್ದ.

ಯಾರೋ ಹೊರಗೆ ಕಿಟಕಿಯ ಪರದೆ ತಟ್ಟಿದರು. "ಸ್ಟೋರಮ್ಮ, ಗಾಜು ಒಡೀತು. ಬೇರೆ ಕೊಡಿ."

"ತಾಳಪ್ಪ" ಎಂದಳು ಅವಳು, ಶೀಲ್ಡಿನ ಒಳಗಿಂದ. "ಇನ್ನೊಂದು ಹತ್ತಿದೆ. ಮುಗೀಲಿ."