ಸುಟ್ಟ ಹೆಬ್ಬೆರಳಿನ ರಿಪೇರಿಯವನು

ಅವನ ಬಲಗೈ ಹೆಬ್ಬೆರಳಿನ ತುದಿ ಸುಟ್ಟು ಸುಟ್ಟು ಹುಣಸೆ ಬೀಜದಂತೆ ನುಣ್ಣಗೆ ಹೊಳೆಯುತ್ತಿತ್ತು. ರೇಷನ್ ಅಂಗಡಿಯ ಯಂತ್ರ ಆ ಬೆರಳನ್ನು ಒಪ್ಪುತ್ತಿರಲಿಲ್ಲ. ಅಕ್ಕಿ ತರಲು ಹೆಂಡತಿಯೇ ಹೋಗಬೇಕಿತ್ತು. ರಾಣೆಬೆನ್ನೂರಿನ ಬಸ್ ಸ್ಟ್ಯಾಂಡ್ ಹಿಂದೆ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಿದ್ದ. ಬೋರ್ಡಿನ ಯಾವ ಭಾಗ ಕಾಯುತ್ತಿದೆ ಎಂದು ಬೆರಳಿಟ್ಟೇ ನೋಡುವ ಚಟ ಅವನಿಗೆ.

ನಾನು ಬ್ಯಾಡಗಿಯವಳು. ಮೆಣಸಿನಕಾಯಿ ತೊಟ್ಟು ಬಿಡಿಸಿ ಹೊಟ್ಟೆ ಹೊರೆದವಳು. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟೆ. ಮೊಮ್ಮಗಳ ಲ್ಯಾಪ್‌ಟಾಪ್ ಕೆಡಿಸಿದ್ದೂ ನಾನೇ. ಕಾಯಿ ಮುರಿಯಬಾರದೆಂದು ತೊಟ್ಟು ಬಿಡಿಸುವ ಮೊದಲು ನೀರು ಚಿಮುಕಿಸುತ್ತೇವೆ. ಅಂಥ ಒದ್ದೆ ಕಾಯಿಯ ಚೀಲದ ಮೇಲೆ, ಮೆತ್ತಗಿದೆ ಎಂದು, ಅದನ್ನು ರಾತ್ರಿ ಇಟ್ಟೆ. ಬೆಳಗ್ಗೆ ಅದು ಹತ್ತಲಿಲ್ಲ. ವಾರ ಕಳೆದರೆ ಅವಳು ಕಾಲೇಜಿನಲ್ಲಿ ಅದರಲ್ಲಿ ಮಾಡಿದ ಕೆಲಸ ತೋರಿಸಬೇಕಿತ್ತು. ನನ್ನೊಡನೆ ಮಾತು ಬಿಟ್ಟಳು.

ಹಾವೇರಿಯ ದೊಡ್ಡ ಅಂಗಡಿಗೆ ಒಯ್ದೆ. ಮಾಲೀಕ ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. "ಬೋರ್ಡ್ ಸತ್ತೈತಿ, ಅಜ್ಜಿ. ಹೊಸಾದು ತಗೋ. ನೀ ಮೆಣಸಿನಕಾಯಿ ನೋಡ್ಕೊ, ಇದೆಲ್ಲ ನಿನಗ ತಿಳಿಯಂಗಿಲ್ಲ" ಎಂದ. ಗಿರಾಕಿಗಳು ನಕ್ಕರು. ಆ ನಗು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ಯಾರೋ ಹೇಳಿದರೆಂದು ರಾಣೆಬೆನ್ನೂರಿಗೆ ಹೋದೆ. ಹಾವೇರಿಯ ಅಂಗಡಿಯ ಹೆಸರು ನಾನು ಎತ್ತಿದ್ದೇ ತಡ, ರಿಪೇರಿಯವನು ಮೀಟರ್ ಎತ್ತಿಕೊಂಡ. ಚಾರ್ಜರಿನಿಂದ ಬರುವ ಕರೆಂಟನ್ನು ದಾರಿಗುಂಟ ಒಂದೊಂದೇ ಕಡೆ ಅಳೆದ. "ಯವ್ವಾ, ಕರೆಂಟ್ ಒಳಗ ಬರಾಕತ್ತೈತಿ, ಮುಂದಕ್ಕ ಹೋಗವಲ್ದು. ನಡುವ ಯಾವುದೋ ಒಂದು ನುಂಗಾಕತ್ತೈತಿ." ಆ ದಾರಿಗೆ ಸಣ್ಣಗೆ ಕರೆಂಟ್ ಕೊಟ್ಟು, ಬೋರ್ಡಿನ ಮೇಲೆ ಸ್ಪಿರಿಟ್ ಸವರಿದ. ಒಂದು ಕಡೆ ಮಾತ್ರ ಬಿಸಿಗೆ ಬೇಗ ಆರಿತು. ಅಲ್ಲಿ ಹೆಬ್ಬೆರಳಿಟ್ಟ, ಸುಟ್ಟಿತು, ನಕ್ಕ. ಮೆಣಸಿನ ಬೀಜಕ್ಕಿಂತ ಸಣ್ಣದೊಂದು ಕೆಪಾಸಿಟರ್ ಕಿತ್ತು ಬೇರೆಯದನ್ನು ಕೂರಿಸಿದ. ಲ್ಯಾಪ್‌ಟಾಪ್ ಹತ್ತಿತು.

ಕಿತ್ತದ್ದನ್ನು ಕಾಗದದಲ್ಲಿ ಕಟ್ಟಿ ನನ್ನ ಕೈಗಿಟ್ಟ. ಹಾವೇರಿಯ ಆ ಅಂಗಡಿಯಲ್ಲೇ ಹನ್ನೊಂದು ವರ್ಷ ದುಡಿದಿದ್ದನಂತೆ. ಮಾಲೀಕ ಸತ್ತಿದೆ ಎಂದ ಬೋರ್ಡನ್ನು ಗಿರಾಕಿಯ ಮುಂದೆ ಬದುಕಿದೆ ಎಂದುಬಿಟ್ಟನಂತೆ. ಅದಕ್ಕೇ ಕಳ್ಳನೆಂಬ ಹೆಸರು ಹೊರಿಸಿ ಹೊರಗೆ ಹಾಕಿದ್ದ ಆ ಮಾಲೀಕ. ಅಲ್ಲಿಂದ ಬಂದವರಿಗೆಲ್ಲ ರಿಪೇರಿಯವನದು ಒಂದೇ ಕರಾರು: "ಅವನ ಟೇಬಲ್ ಮ್ಯಾಲ ಇಟ್ಟು ಚಾಲೂ ಮಾಡಿ ಬರ್ರಿ."

ಬೇರೆಯವರು ಹೋಗುತ್ತಿದ್ದರೋ ಇಲ್ಲವೋ, ನಾನು ಆಗಲೇ ಹಾವೇರಿ ಬಸ್ ಹತ್ತಿದೆ. ಅಂಗಡಿ ತುಂಬುವವರೆಗೂ ಮೆಟ್ಟಿಲ ಮೇಲೆ ಕೂತೆ. ಆಮೇಲೆ ಒಳಗೆ ಹೋಗಿ ಟೇಬಲ್ ಮೇಲಿಟ್ಟು ಗುಂಡಿ ಒತ್ತಿದೆ. ಕಾಗದ ಬಿಚ್ಚಿ, "ತಮ್ಮಾ, ಸತ್ತಿದ್ದು ಇಷ್ಟ" ಎಂದೆ. ಇಬ್ಬರು ತಮ್ಮ ಲ್ಯಾಪ್‌ಟಾಪ್ ಎತ್ತಿಕೊಂಡು, ರಾಣೆಬೆನ್ನೂರಿನ ವಿಳಾಸ ಕೇಳುತ್ತ ನನ್ನ ಹಿಂದೆಯೇ ಬಂದರು.

ಮೊಮ್ಮಗಳು ಮತ್ತೆ ಅಜ್ಜಿ ಎಂದಳು. ಮತ್ತೆ ರಾಣೆಬೆನ್ನೂರಿಗೆ ಹೋದಾಗ ರಿಪೇರಿಯವನು ಚಹಾ ತರಿಸಿ, "ಅವನ ಮಾರಿ ಹೆಂಗಾಗಿತ್ತು?" ಎಂದು ಮೂರು ಸಲ ಹೇಳಿಸಿಕೊಂಡ.

ಹೋದ ವರ್ಷ ರಿಪೇರಿಯವನು ಎದೆನೋವು ಬಂದು ತೀರಿಕೊಂಡ. ಮಣ್ಣು ಮಾಡುವ ದಿನ ನಾನೂ ಹೋದೆ. ಹಾವೇರಿಯ ಮಾಲೀಕ ದೊಡ್ಡ ಹಾರ ಹಿಡಿದು ಬಂದ. ತಮ್ಮನಂತೆ ನೋಡಿಕೊಂಡಿದ್ದೆ ಎಂದು ಅಳತೊಡಗಿದ. ನಾನು ಎದ್ದು ಅಡ್ಡ ನಿಂತೆ.

"ಇವಗ ಕಳ್ಳ ಅಂದಿದ್ದಿಯಲ್ಲ, ಅದು ಸುಳ್ಳಂತ ಮೊದಲ ಹೇಳು. ಆಮ್ಯಾಲ ಹಾರ ಹಾಕು."

ರಿಪೇರಿಯವನ ಹೆಂಡತಿ ತಲೆ ಎತ್ತಿ ನೋಡಿದಳು. ಮಾಲೀಕ ಬಾಯೊಳಗೇ ಗೊಣಗಿದ. ನನಗೆ ಕಿವಿ ಮಂದ ಎಂದೆ. ತುಸು ಜೋರಾಗಿ ಹೇಳಿದ. ಹೊರಗೆ ನಿಂತವರಿಗೆ ಕೇಳಲಿಲ್ಲ ಎಂದೆ. ಮೂರನೇ ಸಲ ಕೂಗಿಯೇ ಹೇಳಿದ.

ನನ್ನ ಕಿವಿ ಚೆನ್ನಾಗಿಯೇ ಇದೆ.