ಮಡ್ಡಿಯ ಮೂರು ಹೂವು

ನಮ್ಮ ಅತ್ತೆಯವರ ಲಿಂಗಪೂಜೆಗೆ ಪೇಟೆ ಹೂವು ಆಗುತ್ತಿರಲಿಲ್ಲ. ಊರಾಚೆ ನಮ್ಮದೊಂದು ಎಕರೆ ಮಡ್ಡಿಯಿತ್ತು, ಗರಸು ಕಲ್ಲಿನ ಬೆಂಗಾಡು. ಅಲ್ಲಿ ಬಿಳಿ ತುಂಬೆ, ನೀಲಿ ವಿಷ್ಣುಕ್ರಾಂತಿ, ಹಳದಿ ನೆಗ್ಗಿಲು ಬೆಳೆಯುತ್ತಿದ್ದವು. ನೆಗ್ಗಿಲಿನಲ್ಲೂ ನೆಲಕ್ಕೆ ಹಬ್ಬುವ ಸಣ್ಣ ಜಾತಿಯೇ ಆಗಬೇಕು. ಎದ್ದು ನಿಲ್ಲುವ ಆನೆನೆಗ್ಗಿಲು ಕಂಡರೆ, "ಅದಕ್ಕೆ ಸೊಕ್ಕು ಜಾಸ್ತಿ, ಶಿವಗೆ ಬ್ಯಾಡ" ಎನ್ನುತ್ತಿದ್ದರು. ದಿನಾ ಬೆಳಿಗ್ಗೆ ಕಾಲಿಗೆ ಚುಚ್ಚಿದ ಮುಳ್ಳನ್ನು ಬೈಯುತ್ತಾ, ಸೆರಗಿನಲ್ಲಿ ಹೂವು ತರುತ್ತಿದ್ದರು.

ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಅವರ ಸೊಂಟದ ಮೂಳೆ ಮುರಿಯಿತು. ಆಮೇಲೆ ನಡಿಗೆಯೆಲ್ಲ ವಾಕರ್ ಹಿಡಿದು ಹಿತ್ತಿಲವರೆಗೆ ಮಾತ್ರ. ಹೂವು ನಾನೇ ತಂದುಕೊಡುತ್ತಿದ್ದೆ. ಅದೇ ಹೊತ್ತಿಗೆ ಅಂಬ್ಲಿಗೊಳ ಜಲಾಶಯದ ನೀರು ಮಡ್ಡಿಗೂ ಹತ್ತುತ್ತದೆಂದು ನಮ್ಮ ಮನೆಯವರು ಅಲ್ಲಿ ಅಡಿಕೆ ಹಾಕಲು ಹೊರಟರು. ಅತ್ತೆ ನನ್ನ ಮುಖ ನೋಡಿದರು. ನಾನು ಮಹಾ ಜಾಣೆಯಲ್ಲವೇ!

"ಗಿಡ ಎಲ್ಲ ಕಿತ್ತು ತಂದು ಹಿತ್ಲಲ್ಲಿ ನೆಡ್ತೀನಿ ಅತ್ತೆ, ನಿಮ್ ಕೈಗೇ ಸಿಗ್ತವೆ" ಅಂದೆ. ಆ ಮಾತು ನಂಬಿ ಅವರು ಹೂಂ ಅಂದರು. ನಾನು ಗಿಡ ತಂದ ಮರುದಿನವೇ ಜೆಸಿಬಿ ಬಂದು ಮಡ್ಡಿಯನ್ನು ಸಮ ಮಾಡಿತು.

ನಾನು ಹುಟ್ಟಿದ್ದು ಸೊರಬದ ಕಡೆ, ಜಡೆ ಎಂಬ ಊರಲ್ಲಿ. ಅಲ್ಲಿ ಕಡ್ಡಿ ಊರಿದರೂ ಚಿಗುರುತ್ತದೆ. ಅದೇ ಗುಂಗಿನಲ್ಲಿ ಕೊಟ್ಟಿಗೆ ಗೊಬ್ಬರ ಸುರಿದು ಎರಡು ಹೊತ್ತೂ ನೀರು ಹಾಕಿದೆ. "ಅವು ಉಪಾಸದ ಗಿಡ ಅವ್ವಾ, ಉಣ್ಣಿಸಬ್ಯಾಡ" ಎಂದು ಅತ್ತೆ ಒಮ್ಮೆ ಹೇಳಿದ್ದರು. ಮುದುಕಿಗೇನು ಗೊತ್ತು ಅಂದುಕೊಂಡೆ. ಥೂ ನನ್ನ ಬುದ್ಧಿಗೆ! ನೆಗ್ಗಿಲು, ವಿಷ್ಣುಕ್ರಾಂತಿ ಹದಿನೈದು ದಿನದೊಳಗೆ ಬೇರು ಕೊಳೆತು ಸತ್ತವು. ತುಂಬೆ ಮಾತ್ರ ಸೊಪ್ಪು ಸೊಪ್ಪಾಗಿ ಬೆಳೆದು, ಒಂದು ಹೂವೂ ಬಿಡದೆ ಮಗುಚಿಕೊಂಡಿತು.

ರಸ್ತೆ ಬದಿ, ಬದುವಿನ ಮೇಲೆ ಹುಡುಕಿದೆ. ಎಲ್ಲಿ ನೋಡಿದರೂ ಕಳೆನಾಶಕ ಹೊಡೆದು ಸುಟ್ಟ ಹುಲ್ಲು. ಕೊನೆಗೆ ಶಿರಾಳಕೊಪ್ಪದ ಸಂತೆಯಿಂದ ಸೇವಂತಿಗೆ ತಂದು ತಟ್ಟೆಯಲ್ಲಿಟ್ಟೆ.

ಪೂಜೆಗೆ ಕೂತ ಅತ್ತೆ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಅಂಗೈಯಲ್ಲಿದ್ದ ಲಿಂಗಕ್ಕೆ ಬರೀ ನೀರು ಬಿಟ್ಟರು.

"ಬೈದುಬಿಡ್ರಿ ಅತ್ತೆ ನನ್ನ" ಅಂದೆ. ಅಳು ಬಂದೇಬಿಟ್ಟಿತ್ತು.

ಅವರು ಬೈಯಲಿಲ್ಲ. ಒದ್ದೆ ಅಂಗೈಯನ್ನೇ ನೋಡುತ್ತಾ ಅಂದರು,

"ಶಿವಗೆ ನೀರು ಸಾಕಾಗ್ತೈತೆ ಬಿಡವ್ವಾ. ನಂಗೇ ಸಾಕಾಗಲ್ಲ."