ಅಕ್ಕನ ಸ್ಕ್ಯಾನ್ ಮೇಲ್ ಮಾಡಿದ ದಿನ

ಶಿಕಾರಿಪುರದಲ್ಲಿ ನಾನೊಂದು ಕಂಪ್ಯೂಟರ್ ಕ್ಲಾಸು ನಡೆಸುತ್ತೇನೆ, ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಯ ಮಹಡಿ ಮೇಲೆ. ಕಲಿಯಲು ಬರುವವರು ಹೆಚ್ಚಾಗಿ ಮದುವೆಯಾಗಿ ಈ ಊರಿಗೆ ಬಂದ ಹೆಣ್ಣುಮಕ್ಕಳು. ಪರದೆ ಮೇಲೆ ಕಾಣುವುದನ್ನು ಇದ್ದ ಹಾಗೇ ಹಿಡಿದು ಮೇಲ್ ಮಾಡುವುದು ಅವರಿಗೆ ನಾನು ಶುರುವಿನಲ್ಲೇ ಹೇಳಿಕೊಡುವ ಪಾಠ. ಪ್ರಿಂಟ್ ಸ್ಕ್ರೀನ್ ಒತ್ತಿ, ಪೇಂಟ್ ತೆರೆದು ಪೇಸ್ಟ್ ಮಾಡಿ, ಹೆಸರು ಕೊಟ್ಟು ಸೇವ್ ಮಾಡಿ, ಮೇಲ್‌ಗೆ ಸೇರಿಸಿ. ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಆ ಶನಿವಾರ ಮಾತ್ರ ಅದೇ ಕೆಲಸದಲ್ಲಿ ನಾನು ತಪ್ಪಿದೆ.

ಸೊರಬದಲ್ಲಿರುವ ನನ್ನ ಅಕ್ಕನಿಗೆ ಕೆಲವು ವಾರಗಳಿಂದ ತಲೆನೋವಿತ್ತು. ಅವಳು ಚಂದ್ರಗುತ್ತಿ ಕಡೆಯ ಹಳ್ಳಿಯೊಂದರಲ್ಲಿ ಅಂಗನವಾಡಿ ಟೀಚರು. ಮಕ್ಕಳ ಗಲಾಟೆಗೆ ಬರುವ ನೋವು ಅಂದುಕೊಂಡು ಮುಲಾಮು ಹಚ್ಚಿಕೊಂಡು ಸುಮ್ಮನಿದ್ದಳು. ಒಂದು ದಿನ ಫೋನಿನಲ್ಲಿ, "ಮಕ್ಕಳು ಎರಡೆರಡಾಗಿ ಕಾಣ್ತಾರೆ ಕಣೆ," ಅಂದಳು. ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ನರರೋಗದ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಹೆಚ್ಚು ಮಾತಾಡದೆ ಸ್ಕ್ಯಾನ್ ಬರೆದುಕೊಟ್ಟರು. ಸ್ಕ್ಯಾನ್ ಮುಗಿಯುವ ಹೊತ್ತಿಗೆ ಅವರು ಯಾವುದೋ ಸಭೆಗೆಂದು ಊರು ಬಿಟ್ಟಿದ್ದರು. ಸ್ಕ್ಯಾನ್ ಸೆಂಟರಿನವರು ಸಿ.ಡಿ. ಕೈಗೆ ಕೊಟ್ಟು, ವರದಿಗೆ ಸೋಮವಾರ ಬನ್ನಿ ಅಂದರು. ಅಕ್ಕನನ್ನು ಸೊರಬಕ್ಕೆ ಕಳಿಸಲು ಮನಸ್ಸು ಬರದೆ ನಮ್ಮನೆಯಲ್ಲೇ ಉಳಿಸಿಕೊಂಡೆ.

ಶನಿವಾರ ಬೆಳಿಗ್ಗೆ ಅವಳು ವಾಂತಿ ಮಾಡಿಕೊಂಡಳು. ಕುಡಿದ ನೀರೂ ನಿಲ್ಲಲಿಲ್ಲ. ಹೆದರಿ ಡಾಕ್ಟರಿಗೆ ಫೋನ್ ಮಾಡಿದೆ.

"ಸೋಮವಾರದ ತನಕ ಕಾಯೋದು ಬೇಡ್ರೀ," ಅಂದರು. "ಆ ಸಿ.ಡಿ. ಹಾಕಿ, ಸ್ಕ್ರೀನ್‌ಶಾಟ್ ತೆಗೆದು ನನಗೆ ಮೇಲ್ ಮಾಡಿ. ಮೊಬೈಲಲ್ಲಿ ಫೋಟೊ ಹೊಡೆದು ಕಳಿಸಬೇಡಿ, ಪರದೆ ಹೊಳಪಿಗೆ ಏನೂ ಗೊತ್ತಾಗಲ್ಲ."

"ಯಾವುದನ್ನ ತೆಗೀಲಿ ಸಾರ್? ತುಂಬಾ ಇರ್ತವಲ್ಲ."

"ಆರಿಸೋಕೆ ಹೋಗಬೇಡಿ. ಪರದೆ ತುಂಬ ಚಿತ್ರಗಳನ್ನ ಸಣ್ಣದಾಗಿ ಸಾಲು ಜೋಡಿಸಿಕೊಂಡು ಎಲ್ಲಾ ತೆಗೀರಿ. ನಾನು ನೋಡ್ಕೋತೀನಿ."

ನನ್ನ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ. ಅದು ಇರುವುದು ಕ್ಲಾಸಿನ ಹಳೇ ಕಂಪ್ಯೂಟರಿನಲ್ಲಿ. ಮನೆಯಲ್ಲೇ ಮಲಗಿರು ಅಂದರೆ ಅಕ್ಕ ಕೇಳಲಿಲ್ಲ. "ಒಬ್ಬಳೇ ಕೂತು ಎಂತ ಮಾಡ್ಲಿ? ನಾನೂ ಬರ್ತೀನಿ," ಅಂತ ಹೊರಟೇಬಿಟ್ಟಳು. ಮೆಟ್ಟಿಲು ಎರಡೆರಡಾಗಿ ಕಾಣದಿರಲೆಂದು ಒಂದು ಕಣ್ಣಿಗೆ ಕರವಸ್ತ್ರ ಒತ್ತಿಕೊಂಡು, ಕಂಬಿ ಹಿಡಿದು ಮಹಡಿ ಹತ್ತಿದಳು. ಕಲಿಯಲು ಬಂದಿದ್ದವರನ್ನು ನಾನು ವಾಪಸು ಕಳಿಸಿದೆ.

ಸಿ.ಡಿ. ಗರ್ರೆಂದು ತಿರುಗಿ ನಿಂತಿತು. ತೆಗೆದು, ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿದೆ. ಆಮೇಲೆ ಕಪ್ಪು ಪರದೆಯಲ್ಲಿ ಬೂದು ಚಿತ್ರಗಳು ಒಂದೊಂದಾಗಿ ಬಂದವು.

"ಇದು ನಂದಾ?" ಅಕ್ಕ ಪಕ್ಕದ ಕುರ್ಚಿಯಿಂದ ಬಗ್ಗಿದಳು.

"ಹೂಂ."

"ಮೂಗು ಅಮ್ಮಂದೇ ನೋಡು."

ನಾನು ಮೂಗು ನೋಡುತ್ತಿರಲಿಲ್ಲ. ಬಿಳಿಯಾಗಿ ಕಂಡಲ್ಲೆಲ್ಲ ಕಣ್ಣು ನಿಲ್ಲುತ್ತಿತ್ತು. ಎರಡು ದುಂಡು ಬಿಳಿ ಉಂಡೆ ಕಂಡು ಬೆವತೆ; ನೋಡಿದರೆ ಅವು ಕಣ್ಣುಗುಡ್ಡೆಗಳು. ಎಷ್ಟೋ ವರ್ಷದಿಂದ ಪರದೆ ಮುಂದೆಯೇ ಕೂತವಳಿಗೆ ಆವತ್ತು ಓದಲು ಬಂದದ್ದು ಮೂಲೆಯಲ್ಲಿದ್ದ ಅಕ್ಕನ ಹೆಸರು, ವಯಸ್ಸು ಅಷ್ಟೇ.

ಮೊದಲ ಸಾಲುಗಳನ್ನು ತೆಗೆದು ಮೇಲ್ ಮಾಡಿದೆ. ಮುಂದಿನ ಸಾಲಿಗೆ ಹೋಗುವಾಗ ಮೌಸ್ ಒತ್ತಿ ಹಿಡಿದಿದ್ದ ಕೈ ಸ್ವಲ್ಪ ಜಾರಿತು. ನೋಡನೋಡುತ್ತಿದ್ದಂತೆ ತಲೆಯೊಳಗೆಲ್ಲ ಹಾಲು ಚೆಲ್ಲಿದ ಹಾಗೆ ಬಿಳುಪು ಹಬ್ಬಿತು. ಮುಂದಿನದೂ ಹಾಗೇ, ಅದರ ಮುಂದಿನದೂ ಹಾಗೇ.

"ಇದೆಂತದೇ ಇಷ್ಟು ಬೆಳ್ಳಗೆ?" ಅಂದಳು ಅಕ್ಕ.

"ಮಷೀನಿನ ಬೆಳಕು ಇರ್ಬೇಕು."

ಅದೇ ಕಾಯಿಲೆ ಎಂದು ನಾನು ನಂಬಿಬಿಟ್ಟಿದ್ದೆ. ಬೆರಳು ತಣ್ಣಗಾಗಿತ್ತು. ಪ್ರಿಂಟ್ ಸ್ಕ್ರೀನ್ ಒತ್ತಲು ಮರೆತು ಹಿಂದಿನ ಚಿತ್ರವನ್ನೇ ಮತ್ತೆ ಪೇಸ್ಟ್ ಮಾಡಿದೆ, ಅಳಿಸಿದೆ, ಮತ್ತೆ ತೆಗೆದೆ. ಎಲ್ಲವನ್ನೂ ಒಟ್ಟಿಗೆ ಸೇರಿಸಿದರೆ ಗಾತ್ರ ಹೆಚ್ಚಾಯಿತೆಂದು ಮೇಲ್ ಒಪ್ಪಲಿಲ್ಲ. ಬಿಡಿಸಿ ಬಿಡಿಸಿ ಕಳಿಸಬೇಕಾಯಿತು. ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಕೀ ಕೀ ಎಂದು ಕೂಗತೊಡಗಿತು. ಮೊಬೈಲಿನ ನೆಟ್ ಜೋಡಿಸಿಕೊಂಡು, ಹಳೇ ಬ್ಯಾಟರಿ ಇನ್ನೊಂದು ಚೂರು ತಡೆಯಲಿ ಎಂದು ಬೇಡಿಕೊಳ್ಳುತ್ತಾ ಕೂತೆ. ಕೊನೆಯ ಮೇಲ್ ಹೋಯಿತು ಅನ್ನುವಾಗಲೇ ಪರದೆ ಆರಿತು.

ಫ್ಯಾನಿಲ್ಲದ ಕೋಣೆಯಲ್ಲಿ ಸೆರಗಿನಿಂದ ಅಕ್ಕನಿಗೆ ಗಾಳಿ ಹಾಕಿದೆ. ಆಮೇಲೆ ಅಕ್ಕ ಮೆಲ್ಲಗೆ ಹೇಳಿದಳು:

"ಬಿಳಿ ಕಂಡಾಗ ನಿನ್ನ ಮುಖ ನೋಡ್ದೆ. ನಂಗೆ ಈಗ ನಿನ್ನವೂ ಎರಡು ಮುಖ ಕಾಣ್ತಾವೆ. ಎರಡೂ ಹೆದರಿದ್ವು."

ಅವಳ ಕೈ ಹಿಡಿದುಕೊಂಡೆ. ನನ್ನ ಕೈಗಿಂತ ಅದೇ ಬೆಚ್ಚಗಿತ್ತು.

ಕರೆಂಟು ಬಂದ ಸ್ವಲ್ಪ ಹೊತ್ತಿಗೆ ಡಾಕ್ಟರ ಫೋನು. ನಾನು ಎದ್ದು ಬಾಗಿಲಾಚೆ ಹೋದೆ.

"ಮೇಡಂ, ಮೊದಲ ಮೇಲ್ ಸರಿಯಾಗಿದೆ. ಆಮೇಲಿಂದೆಲ್ಲ ಬೆಳ್ಳಗಾಗಿದೆಯಲ್ಲ, ಏನು ಮಾಡಿದ್ರಿ?"

"ಸಾರ್, ಅದು... ಕಾಯಿಲೆ ಅಲ್ವಾ?"

"ಅಲ್ಲ ಅಲ್ಲ. ಮೌಸ್ ಒತ್ತಿ ಎಳೆದರೆ ಬೆಳಕು ಹೆಚ್ಚು ಕಡಿಮೆ ಆಗುತ್ತೆ. ಮೇಲೆ ರಿಸೆಟ್ ಅಂತಿರುತ್ತೆ, ಒತ್ತಿ, ಇನ್ನೊಮ್ಮೆ ತೆಗೀರಿ."

ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟೆ. ಒಂದು ಗಳಿಗೆ ಜೀವ ಹಗುರವಾಯಿತು. ಮರುಗಳಿಗೆಯಲ್ಲೇ, ಕಾಯಿಲೆ ಇಲ್ಲ ಎಂದು ಅವರು ಹೇಳಿಲ್ಲವಲ್ಲ ಎಂಬುದು ಹೊಳೆಯಿತು. ಒಳಗೆ ಬಂದು ಅಕ್ಕನಿಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. "ಹಾಗಾದ್ರೆ ತೆಗಿ ಮತ್ತೆ," ಅಂದು ಅವಳು ಮೇಜಿನ ಮೇಲೆ ತಲೆಯಿಟ್ಟು ಮಲಗಿದಳು.

ರಿಸೆಟ್ ಒತ್ತಿದಾಗ ಬಿಳುಪೆಲ್ಲ ಇಳಿದು ಚಿತ್ರ ಬೂದು ಬಣ್ಣಕ್ಕೆ ಮರಳಿತು. ಈ ಸಲ ಪ್ರತಿಯೊಂದನ್ನೂ ತೆರೆದು ನೋಡಿಯೇ ಕಳಿಸಿದೆ.

ಸಂಜೆಯಾಗುವ ಮುಂಚೆಯೇ ಡಾಕ್ಟರು ಮತ್ತೆ ಫೋನ್ ಮಾಡಿದರು. "ಗಡ್ಡೆ ಏನಿಲ್ಲ. ಆದರೆ ಮಿದುಳಿನ ಹಿಂಬದಿಯ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಅನ್ಸುತ್ತೆ. ಈಗಲೇ ಶಿವಮೊಗ್ಗದ ನಮ್ಮ ಆಸ್ಪತ್ರೆಗೆ ಹೊರಡಿ. ಡ್ಯೂಟಿ ಡಾಕ್ಟರಿಗೆ ಹೇಳಿರ್ತೀನಿ."

ಕೆಳಗಿನ ಔಷಧಿ ಅಂಗಡಿಯವರೇ ಒಂದು ಕಾರು ಕರೆಸಿಕೊಟ್ಟರು. ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ರಸ್ತೆಯಲ್ಲಿ ಹಂಪ್ ಬಂದಾಗೆಲ್ಲ ಅವಳ ಹಣೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿಯುತ್ತಿದ್ದೆ. "ಅಷ್ಟು ಒತ್ಬೇಡ, ಎಂತ ಆಗಲ್ಲ," ಅನ್ನುತ್ತಿದ್ದಳು. ಆಸ್ಪತ್ರೆ ಬಾಗಿಲಲ್ಲಿ ಗಾಲಿಕುರ್ಚಿ ಕಾದಿತ್ತು. ಅದನ್ನು ಕಂಡಾಗ ಮಾತ್ರ ಅವಳ ಕಣ್ಣಲ್ಲಿ ನೀರು ಬಂತು.

ರಕ್ತ ತೆಳು ಮಾಡುವ ಇಂಜೆಕ್ಷನ್ ಶುರು ಮಾಡಿದರು. ತಲೆನೋವು ಬೇಗ ಇಳಿಯಿತು. ಎರಡೆರಡು ಕಾಣುವುದು ಹೋಗಲು ಬಹಳ ದಿನ ಹಿಡಿಯಿತು. ಮಾತ್ರೆಗಳ ಜೊತೆ ಸೊರಬಕ್ಕೆ ಹೋದಳು, ನಿಧಾನವಾಗಿ ಅಂಗನವಾಡಿಗೂ ಹೋಗತೊಡಗಿದಳು.

ಕೆಲವು ತಿಂಗಳ ಮೇಲೆ ಇನ್ನೊಂದು ಸ್ಕ್ಯಾನ್ ಆಯಿತು. ಆ ಸಿ.ಡಿ.ಯನ್ನು ನಾನೊಬ್ಬಳೇ ಕೂತು ಮೇಲ್ ಮಾಡಿದೆ. ಮೌಸನ್ನು ಮುಟ್ಟುವುದಕ್ಕೇ ಭಯ. ಆದಷ್ಟೂ ಕೀಬೋರ್ಡಿನಲ್ಲೇ ಕೆಲಸ ಮುಗಿಸಿದೆ. ಮರುದಿನ ಡಾಕ್ಟರ ಉತ್ತರ ಬಂತು. ತೆರೆಯುವ ಮುಂಚೆ ಎದ್ದು ನೀರು ಕುಡಿದು ಬಂದೆ. ರಕ್ತನಾಳ ತೆರೆದುಕೊಂಡಿದೆ, ಮಾತ್ರೆ ನಿಲ್ಲಿಸಬೇಡಿ ಎಂದಷ್ಟೇ ಬರೆದಿದ್ದರು.

ಅಕ್ಕನಿಗೆ ಫೋನ್ ಮಾಡಿ ಓದಿ ಹೇಳಿದೆ. ಆ ಕಡೆ ಮಕ್ಕಳ ಗದ್ದಲ. ಅವಳು ಹೊರಗೆ ಬಂದಿರಬೇಕು, ಗದ್ದಲ ದೂರವಾಯಿತು.

"ಇನ್ನೊಂದು ಸಲ ಓದು," ಅಂದಳು.

ಓದಿದೆ.